ಎರಡನೇ ನಂಬರು

ಗಂಡನ ಫೋನು ಮೂರು ದಿನದಲ್ಲಿ ಏಳು ಸಲ ಕ್ಯಾನ್ಸರ್ ಆಸ್ಪತ್ರೆಯ ವೆಬ್‌ಸೈಟಿಗೆ ಹೋಗಿ ಬಂದಿದೆ ಎಂದು ಕಂಡದ್ದೇ ತಡ, ಲಾಂಡ್ರಿಯವಳು ಒಬ್ಬರ ಕೋಟಿಗೆ ಇನ್ನೊಬ್ಬರ ಚೀಟಿ ಪಿನ್ ಮಾಡಿಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು.

ಹೋದ ವಾರ ಅಂಗಡಿಗೆ ವೈಫೈ ಹಾಕಲು ಬಂದವನು ಗಂಡ ಹೆಂಡತಿ ಇಬ್ಬರ ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟಿದ್ದ. “ಯಾವ ಫೋನು ಯಾವ ಸೈಟಿಗೆ ಹೋಯ್ತು ಅಂತ ಇದರಲ್ಲಿ ಬರುತ್ತೆ. ಒಳಗೆ ಹೋಗಿ ಏನು ಓದಿದ್ರು ಅನ್ನೋದು ಬರಲ್ಲ, ಅದಕ್ಕೆ ಬೀಗ ಇರುತ್ತೆ” ಎಂದಿದ್ದ. ಫೋನುಗಳಿಗೆ ಏನು ಹೆಸರು ಕೊಡಲಿ ಎಂದು ಕೇಳಿದ್ದಕ್ಕೆ ಗಂಡ, “ಹೆಸರು ಯಾಕಪ್ಪಾ, ಬಟ್ಟೆಗೆ ಹಾಕೋ ಹಾಗೆ ಒಂದು, ಎರಡು, ಮೂರು ಅಂತ ನಂಬರು ಹಾಕು” ಎಂದಿದ್ದ. ಇದ್ದವರು ಮೂರೇ ಜನ. ಒಗೆಯಲು ಗಂಡ, ಕೌಂಟರಿಗೆ ಇವಳು, ಒಳಗೆ ಇಸ್ತ್ರಿ ಮೇಜಿಗೆ ನಾದಿನಿ. ಒಂದನೇ ನಂಬರು ಗಂಡನದು.

ಗಿರಾಕಿಯ ಜೇಬಿನಲ್ಲಿ ಕಾಗದ ಸಿಕ್ಕರೆ ಬಿಡಿಸಿ ನೋಡದೆ ಲಕೋಟೆಗೆ ಹಾಕಿ ಕೊಡಬೇಕು ಎಂಬುದು ಮಾವನ ಕಾಲದ ಕಟ್ಟಳೆ. ಅದನ್ನು ಒಂದು ದಿನವೂ ಮೀರದವಳು ಈ ಆ್ಯಪನ್ನು ಮಾತ್ರ, ನೋಡಬಾರದು ನೋಡಬಾರದು ಎನ್ನುತ್ತಲೇ ನೋಡಿದ್ದಳು. ಈಗ ಬಾಯಿಗೆ ಬಿಸಿತುಪ್ಪ ಬಿದ್ದ ಹಾಗಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ತಾನೂ ಆ ಸೈಟಿಗೆ ನಾಲ್ಕಾರು ಸಲ ಹೋದಳು. ಡಾಕ್ಟರುಗಳ ನಗುಮುಖ, ಅದರ ಕೆಳಗೆ ಮಾರುದ್ದದ ಕಾಯಿಲೆಗಳ ಪಟ್ಟಿ. ಇದರಲ್ಲಿ ಗಂಡನದು ಯಾವುದು? ಎರಡು ದಿನದಿಂದ ಅವನು ಇವಳ ಕೈಯಿಂದ ಬಟ್ಟೆ ಗಂಟು ಕಿತ್ತುಕೊಂಡು ತಾನೇ ಹೊರುತ್ತಿದ್ದ. ಹೋಗುವ ಮುಂಚೆ ಋಣ ತೀರಿಸುತ್ತಿದ್ದಾನೆಯೇ?

ಅಷ್ಟರಲ್ಲಿ ನಾದಿನಿ ಫೋನು ಹಿಡಿದುಕೊಂಡು ಹೊರಗೆ ಬಂದಳು. “ಅತ್ತಿಗೆ, ಮೊಬೈಲ್ ರಿಪೇರಿಯವರು ವಿಪಿಎನ್ ಅಂತ ಏನೋ ಹಾಕ್ಕೊಡ್ತಾರಂತೆ. ಹಾಕಿಸ್ಕೊಂಡ್ರೆ ನಾವು ಯಾವ ಸೈಟಿಗೆ ಹೋದ್ವಿ ಅನ್ನೋದೂ ವೈಫೈಯಲ್ಲಿ ಕಾಣಲ್ವಂತೆ. ನಮ್ಮಂಥೋರಿಗೆ ಅದೆಲ್ಲ ಬೇಕಾ?”

“ನಮ್ಮ ಹತ್ರ ಮುಚ್ಚಿಡೋಕೆ ಏನಿದೆ ಮಹಾ!” ಎಂದು ಲಾಂಡ್ರಿಯವಳು, ಒಗೆದ ಬಟ್ಟೆ ಹೊತ್ತು ತಂದ ಗಂಡನ ಕಡೆಗೇ ನೋಡುತ್ತ ಹೇಳಿದಳು.

“ಹಾಗಲ್ಲ ಕಣೇ” ಎಂದ ಗಂಡ. “ಸ್ನಾನಕ್ಕೆ ಹೋದಾಗ ಚಿಲಕ ಹಾಕ್ಕೊಳ್ಳಲ್ವಾ? ಹಾಗಂತ ಒಳಗೆ ಕಳ್ಳತನ ಮಾಡ್ತೀವಾ? ಹಾಕಿಸ್ಕೊಳ್ಳೋದು ಒಳ್ಳೇದು. ಇಲ್ಲಾಂದ್ರೆ ನೋಡೋರಿಗೇ ತಲೆ ಕೆಡುತ್ತೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಲಾಂಡ್ರಿಯವಳಿಗೆ ಇನ್ನು ತಡೆಯಲಾಗಲಿಲ್ಲ. ನಾದಿನಿ ಒಳಗೆ ಹೋಗುವುದನ್ನೇ ಕಾದು, ಫೋನನ್ನು ಗಂಡನ ಮುಖಕ್ಕೆ ಹಿಡಿದಳು.

“ಏನ್ರೀ ಇದು? ಏಳು ಸಲ ಹೋಗಿದ್ದೀರ. ಎಷ್ಟು ದಿನದಿಂದ ನನಗೆ ಮುಚ್ಚಿಡ್ತಿದ್ದೀರ?”

ಗಂಡ ಕಣ್ಣು ಕಣ್ಣು ಬಿಟ್ಟ. “ನಾನಾ? ನೀನು ಹೋಗಿದ್ದೀಯ ಅಂತ ನಾನು ಹೋದೆ ಕಣೇ! ನಿನ್ನ ಎರಡನೇ ನಂಬರು ಮೊದಲು ಹೋಗಿರೋದು ಕಂಡು ನನ್ನ ಕೈಕಾಲೇ ತಣ್ಣಗಾಯ್ತು. ಆಮೇಲೆ ಮೂರನೇ ನಂಬರೂ ಬಂತು. ನನಗೊಬ್ಬನಿಗೆ ಬಿಟ್ಟು ತಂಗಿಗೆ ಹೇಳಿದ್ದೀಯ ಅಂದ್ಕೊಂಡೆ.”

“ಅಂದ್ರೆ, ನಿಮಗೆ ಏನೂ ಆಗಿಲ್ವಾ?”

“ನನಗೇನಾಗುತ್ತೆ? ಗುಂಡುಕಲ್ಲು ಇದ್ದ ಹಾಗಿದ್ದೀನಿ. ನಿನಗೆ?”

“ನನಗೂ ಏನಿಲ್ಲ. ನೀವು ಹೋಗಿದ್ದಕ್ಕೆ ನಾನು ಹೋದೆ.”

ಇಬ್ಬರೂ ಹುಚ್ಚು ಹಿಡಿದವರಂತೆ ನಕ್ಕರು. ಗಂಡ ತಲೆ ಚಚ್ಚಿಕೊಂಡ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸತ್ತು ಬದುಕಿದಷ್ಟು ಹಗುರವಾಗಿತ್ತು ಜೀವ.

“ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತಾ?” ಎಂದು ಅವಳು ಗದರಿದಳು. “ಅಲ್ಲದೆ ನನ್ನ ನಂಬರು ಎರಡಲ್ಲ ರೀ, ಮೂರು. ಅವತ್ತು ನಾನು ಗಿರಾಕಿ ಹತ್ರ ಮಾತಾಡ್ತಿದ್ದೆ. ನನಗೆ ಕೊನೆಗೆ ಹಾಕಿಕೊಟ್ಟ.”

“ಹಾಗಾದ್ರೆ ಎರಡು?” ಎಂದ ಗಂಡ. ಅವನ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಅವಳು ಪಟ್ಟಿಯನ್ನು ಮೇಲೆಳೆಯುತ್ತ ಹೋದಳು. ಮೂರನೇ ನಂಬರಿನ ಹಿಂದೆ ಒಂದನೇ ನಂಬರು, ಅದರ ಹಿಂದೆ, ಆರು ದಿನದ ಕೆಳಗೆ, ಎಲ್ಲಕ್ಕಿಂತ ಮೊದಲು, ಎರಡು. ಒಂದೇ ದಿನ ಹದಿನಾಲ್ಕು ಸಲ. ಒಳಗೆ ಇಸ್ತ್ರಿ ಪೆಟ್ಟಿಗೆ ಮೇಜಿನ ಮೇಲೆ ಆಡುವ ಸದ್ದು ಕೇಳುತ್ತಿತ್ತು.

“ನೀನು ಕೇಳು” ಎಂದ ಗಂಡ, ಪಿಸುಮಾತಿನಲ್ಲಿ.

“ನಿಮ್ಮ ತಂಗಿ. ನೀವು ಕೇಳಿ.”

“ಏನಂತ ಕೇಳ್ಲಿ? ಹೇಗೆ ಗೊತ್ತಾಯ್ತು ಅಂದ್ರೆ?”

ನೋಡದೇ ಇದ್ದಿದ್ದರೆ ಚೆನ್ನಾಗಿತ್ತೋ, ನೋಡಿದ್ದೇ ಒಳ್ಳೆಯದಾಯಿತೋ, ಅವಳಿಗೆ ಬಗೆಹರಿಯಲಿಲ್ಲ. ಆದರೂ ಎದ್ದು ಒಳಗೆ ಹೋದಳು. ನಾದಿನಿ ಬಿಳಿ ಅಂಗಿಯೊಂದರ ಕಾಲರನ್ನು ತಿದ್ದುತ್ತಿದ್ದಳು. ಲಾಂಡ್ರಿಯವಳು ಅವಳ ಕೈಯಿಂದ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ನಿಲ್ಲಿಸಿದಳು.

“ಆಸ್ಪತ್ರೆಗೆ ಯಾವತ್ತು ಬರೋಕೆ ಹೇಳಿದ್ದಾರೆ? ನಾನೂ ಬರ್ತೀನಿ.”

ನಾದಿನಿ ಬೆಚ್ಚಿ ಅತ್ತಿಗೆಯನ್ನು ನೋಡಿದಳು. ಆಮೇಲೆ ಅವಳ ಹೆಗಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ದಿನ ಅದನ್ನೆಲ್ಲ ಒಬ್ಬಳೇ ಹೊತ್ತುಕೊಂಡಿದ್ದಳು, ಪಾಪ. ಅಳು ಮುಗಿದ ಮೇಲೆ, ಏನೋ ನೆನಪಾದವಳಂತೆ ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದು, ಮೇಜಿನ ಮೇಲಿದ್ದ ಫೋನನ್ನು ಎದೆಗೆ ಅವುಚಿಕೊಂಡಳು.

“ನಾನು ಯಾರಿಗೂ ಹೇಳಿಲ್ವಲ್ಲ ಅತ್ತಿಗೆ.”