ಕೊನೆಯ ಮುಸುಕು

ನೇರಳೆ ಬಟ್ಟೆ ಹಿಡಿದು ಏಣಿ ಹತ್ತಿದ್ದ ಟೈಲರಮ್ಮನ ಕೈ ಹಾಗೇ ನಿಂತಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮುಗಿಯುತ್ತ ಬಂದಾಗ ಚರ್ಚಿನ ಪ್ರತಿಮೆಗಳಿಗೆಲ್ಲ ಮುಸುಕು ಹಾಕುವುದು ಅವಳದೇ ಕೆಲಸ. ಉಳಿದಿದ್ದು ಶಿಲುಬೆಯಿಂದ ಇಳಿಸಿದ ಮಗನನ್ನು ಮಡಿಲಲ್ಲಿಟ್ಟುಕೊಂಡ ಮಾತೆ ಮಾತ್ರ.

ಎಷ್ಟು ವರ್ಷ ಧೂಳು ಒರೆಸಿದ್ದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ತಾಯಿಯ ಅಂಗೈ ಮಗನ ಕತ್ತಿನಡಿ ಇತ್ತು, ಎಳೆಗೂಸಿನ ತಲೆ ಹಿಡಿಯುವ ಹಾಗೆ. ಮರದ ಬೆರಳುಗಳಲ್ಲಿ ಅಂಥ ಜೋಪಾನ.

ಹೋದ ವರ್ಷ ಅವಳು ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಅವಳ ಮಗನ ಮುಖಕ್ಕೆ ಬಟ್ಟೆ ಎಳೆದಾಗಿತ್ತು. "ನೋಡ್ಬೇಡ, ತಡ್ಕೊಳ್ಳೋಕಾಗಲ್ಲ" ಎಂದು ನೆಂಟರು ಅವಳನ್ನು ಹಿಂದಕ್ಕೆಳೆದಿದ್ದರು.

"ಅತ್ತಿಗೆ, ಬೇಗ ಮುಚ್ಚಿ. ಪೂಜೆಗೆ ಜನ ಬರೋ ಹೊತ್ತಾಯ್ತು," ಏಣಿ ಹಿಡಿದಿದ್ದ ನಾದಿನಿ ಅವಸರಿಸಿದಳು.

ಟೈಲರಮ್ಮ ಬಟ್ಟೆಯನ್ನು ಎದೆಗವಚಿಕೊಂಡಳು. "ಸ್ವಲ್ಪ ತಡಿಯೇ. ಆಯಮ್ಮ ಇನ್ನೂ ಮಗನ್ನ ನೋಡಿ ಮುಗಿಸಿಲ್ಲ."