ಏಮಸ್ ಹೋಲ್‌ರಾಯ್ಡ್ ನೋಡದ ಗೋಲು

"ಏ ತಾತ, ಪ್ರಾರ್ಥನೆ ಮಾಡೋದಾದ್ರೆ ನಮ್ಮ ಗೋಲ್‌ಕೀಪರ್‌ಗೋಸ್ಕರ ಮಾಡು! ಬೇಕಾಗಿರೋದು ಅವನಿಗೇ!"

ಬ್ರಾಕ್‌ಡೇಲ್ ಮೈದಾನದ ಗೇಟಿನ ಮುಂದೆ ಸಾಲುಗಟ್ಟಿದ್ದ ನಾವೆಲ್ಲ ಘೊಳ್ಳೆಂದು ನಕ್ಕೆವು. ರಸ್ತೆಯ ಆಚೆ ಬದಿಯಲ್ಲಿ ಏಮಸ್ ಹೋಲ್‌ರಾಯ್ಡ್, ಚರ್ಚಿಗೆ ಹಾಕುವ ಕಪ್ಪು ಕೋಟು ತೊಟ್ಟು, 'ಭಾನುವಾರ ದೇವರ ದಿನ' ಎಂದು ಬರೆದ ಹಲಗೆಯನ್ನು ಎದೆಗೆ ಹಿಡಿದು ಒಬ್ಬರೇ ನಿಂತಿದ್ದರು. ಅದು 1974ರ ಜನವರಿ. ಕಲ್ಲಿದ್ದಲಿಗೆ ಬರ, ಕರೆಂಟಿಗೆ ಬರ, ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕೆಲಸ; ಸಂಜೆ ದೀಪ ಹಾಕಿ ಆಡುವಂತೆಯೂ ಇರಲಿಲ್ಲ. ಹಾಗಾಗಿ ಇಂಗ್ಲೆಂಡಿನಲ್ಲಿ ಅದುವರೆಗೆ ಯಾರೂ ಕಾಣದ್ದನ್ನು ನಾವು ಕಾಣಲಿದ್ದೆವು: ಭಾನುವಾರ ಫುಟ್‌ಬಾಲ್ ಕಪ್ ಪಂದ್ಯ. ಅದೂ ನಾಲ್ಕನೇ ದರ್ಜೆಯ ನಮ್ಮ ಅಂಗಳಕ್ಕೆ ಮೊದಲ ದರ್ಜೆಯವರು ಬಂದಿದ್ದರು.

ಅಷ್ಟರಲ್ಲಿ ನಮ್ಮ ತಂಡದ ನಾಯಕ ಟ್ರೆವರ್ ಹೆಗಲಿಗೆ ಚೀಲ ಹಾಕಿಕೊಂಡು ನಡೆದು ಬಂದ. ನಗು ಅವನಿಗೂ ಕೇಳಿಸಿತ್ತು. ಗೇಟಿನ ಕಡೆ ತಿರುಗದೆ ನೇರ ರಸ್ತೆ ದಾಟಿ ಮುದುಕರ ಪಕ್ಕ ನಿಂತ.

"ನಕ್ಕಿದ್ದು ಯಾರು?"

ಮುಂದಿದ್ದವರು ಹಿಂದಿದ್ದವರತ್ತ ಬೆರಳು ತೋರಿಸಿದರು.

"ಇವರು ನಮ್ಮಪ್ಪ. ನಾವು ಒಂಬತ್ತು ಗೋಲು ತಿಂದ ದಿನಾನೂ ಮಳೇಲಿ ನೆನಕೊಂಡು ಕೊನೇತನಕ ನಿಂತಿದ್ದೋರು. ಅವತ್ತು ನಿಮ್ಮಲ್ಲಿ ಎಷ್ಟು ಜನ ಇದ್ರಿ?"

ಶನಿವಾರದ ಪಂದ್ಯವೆಂದರೆ ಏಮಸ್ ತಪ್ಪಿಸಿದ್ದೇ ಇಲ್ಲ ಎಂಬುದು ಊರಿಗೇ ಗೊತ್ತಿತ್ತು.

"ನಂಗೆ ನಿನ್ನ ವಕಾಲತ್ತು ಬೇಡ," ಎಂದರು ಏಮಸ್. "ಹೋಗೋದಾದ್ರೆ ಹೋಗು. ನಾನಂತೂ ಬರಲ್ಲ."

"ಗೊತ್ತಪ್ಪ. ನೀನು ಬಂದಿದ್ರೆ ನಂಗೇ ಬೇಜಾರಾಗ್ತಿತ್ತು." ಟ್ರೆವರ್ ತನ್ನ ಕೈಗವಸು ಬಿಚ್ಚಿ ಅಪ್ಪನ ಕೋಟಿನ ಜೇಬಿಗೆ ತುರುಕಿ ಒಳಗೆ ನಡೆದ. ಮುದುಕರ ಗದ್ದ ಇನ್ನಷ್ಟು ಮೇಲಕ್ಕೆದ್ದಿತ್ತು.

ಭಾನುವಾರ ಟಿಕೆಟ್ ಮಾರುವುದು ಕಾನೂನಿಗೆ ವಿರುದ್ಧ. ಅದಕ್ಕೇ ಆಟಗಾರರ ಹೆಸರು ಅಚ್ಚಾದ ಹಾಳೆ ಕೊಂಡವರನ್ನು ಒಳಗೆ ಬಿಡುತ್ತಿದ್ದರು. ಹಾಳೆ ಮಾರಲು ಗೇಟಿನಲ್ಲಿ ಕೂತಿದ್ದವಳು ಬೇಕರಿಯ ಬೆರಿಲ್. ಶನಿವಾರವೆಲ್ಲ ಅಂಗಡಿಯಲ್ಲೇ ಕಳೆಯುವ ಅವಳಿಗೆ ಅದು ಬದುಕಿನ ಮೊದಲ ಪಂದ್ಯ. ಹಾಳೆಗಳು ಮುಗಿದ ಮೇಲೂ ಅವಳು ಗೇಟಿನ ಹತ್ತಿರವೇ ಉಳಿದಳು. ಒಳಗಿನ ಆಟವೂ ಹೊರಗಿನ ಮುದುಕರೂ ಅಲ್ಲಿಂದ ಕಾಣುತ್ತಿದ್ದರು.

ಟ್ರೆವರ್ ರಕ್ಷಣೆಯ ಆಟಗಾರ. ಬಂದ ಚೆಂಡನ್ನು ಬಂದ ದಾರಿಗೇ ಅಟ್ಟುವುದು ಅವನ ಕಸುಬು. ಗೋಲು ಹೊಡೆಯುವುದು ಅವನ ಹಣೆಯಲ್ಲಿ ಬರೆದದ್ದಲ್ಲ ಎಂದು ನಾವೇ ಹಾಸ್ಯ ಮಾಡುತ್ತಿದ್ದೆವು. ಅಂದು ಆಟ ಮುಗಿಯಲು ಹತ್ತು ನಿಮಿಷವಿದ್ದಾಗ, ಸಮಸಮ ನಡೆಯುತ್ತಿದ್ದ ಪಂದ್ಯದಲ್ಲಿ, ಎದುರಾಳಿಯ ಕಾಲಿಂದ ಚೆಂಡು ಕಿತ್ತುಕೊಂಡವನು ಯಾರಿಗೂ ಕೊಡದೆ ಹಾಗೇ ಓಡಿಬಿಟ್ಟ. ಮುಂದಿನದಕ್ಕೆ ಮಾತಿಲ್ಲ. ಮೈದಾನವೇ ಎದ್ದು ಕುಣಿಯಿತು. ಗುರುತಿಲ್ಲದವರನ್ನೆಲ್ಲ ಅಪ್ಪಿಕೊಂಡೆವು.

ಬೆರಿಲ್ ರಸ್ತೆ ದಾಟಿ ಓಡಿದಳು. "ಹೋಲ್‌ರಾಯ್ಡ್‌ರೇ, ನಿಮ್ಮ ಟ್ರೆವರ್! ನಿಮ್ಮ ಟ್ರೆವರೇ ಹೊಡ್ದಿದ್ದು!"

"ಸುಳ್ಳು ಹೇಳಬೇಡ ಮಗಳೇ. ಇವತ್ತು ಭಾನುವಾರ."

"ದೇವರಾಣೆ! ಬನ್ನಿ ಒಳಗೆ, ಇನ್ನೂ ಆಟ ಇದೆ. ಗೇಟಲ್ಲಿ ಯಾರೂ ಇಲ್ಲ, ನಿಮ್ಮನ್ನ ಯಾರೂ ನೋಡಲ್ಲ."

"ನೋಡೋನು ನೋಡ್ತಾನೆ."

ಆದರೂ ಅವರ ಒಂದು ಕಾಲು ರಸ್ತೆಗೆ ಇಳಿದಿತ್ತಂತೆ. ಸ್ವಲ್ಪ ಹೊತ್ತು ಅಲ್ಲೇ ಇದ್ದು, ಮೆಲ್ಲಗೆ ಹಿಂದಕ್ಕೆ ಹೋಯಿತಂತೆ. ಇದನ್ನು ಬೆರಿಲ್ ನಮಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಗೆದ್ದೆವು. ಕೆಸರು ಮೆತ್ತಿದ ಟ್ರೆವರ್‌ನನ್ನು ಹೊತ್ತು ಹೊರಗೆ ಬಂದವರು, ಮುದುಕರನ್ನು ಕಂಡದ್ದೇ ಅವನನ್ನು ಕೆಳಗಿಳಿಸಿದೆವು. ಇಬ್ಬರೂ ಎದುರುಬದುರು ನಿಂತರು.

"ಇವತ್ತು ಆಡಿದ್ದು ತಪ್ಪು," ಎಂದರು ಏಮಸ್.

"ಹೂಂ."

"ಸಾಯೋತನಕ ಹೇಳ್ತೀನಿ ಇದನ್ನ."

"ಹೇಳಪ್ಪ. ಕೇಳ್ತೀನಿ."

ಏಮಸ್ ಮಗನ ಕೆಸರು ಬೂಟುಗಳತ್ತ ನೋಡಿದರು. "ಯಾವ ಕಾಲಲ್ಲಿ?"

"ಎಡಗಾಲಲ್ಲಿ."

"ಎಡಗಾಲಾ! ನಿಂಗೆ ಅದು ಇರೋದು ಬೀಳದೇ ಇರೋಕಷ್ಟೇ ಅಲ್ವೇನೋ!" ಅವರು ಹಲಗೆಯನ್ನು ಗೋಡೆಗೆ ಒರಗಿಸಿ, ಮಗನ ಭುಜದಾಚೆಗೆ ನಮ್ಮನ್ನು ನೋಡಿದರು. "ನಿಜವೇನ್ರಯ್ಯಾ? ನೋಡಿದ್ದೀರಾ ಯಾರಾದ್ರೂ?"

ನೋಡಿದ್ದೀರಾ ಎಂದರೆ! ರಸ್ತೆಯ ತುಂಬ ಇದ್ದ ನಾವೆಲ್ಲ ಒಮ್ಮೆಲೇ ಬಾಯಿಬಿಟ್ಟೆವು. ಇಲ್ಲಿಂದ ಕಿತ್ತ, ಹೀಗೆ ತಿರುಗಿದ, ಇಬ್ಬರನ್ನು ದಾಟಿದ, ಅಲ್ಲ ಮೂವರನ್ನು, ಚೆಂಡು ಕಂಬ ಸವರಿತು, ಎಲ್ಲಿ ಸವರಿತು, ಸುಮ್ನಿರೋ ನೀನು! ಒಬ್ಬ ಟೋಪಿಯನ್ನೇ ಚೆಂಡು ಮಾಡಿ ಒದ್ದು ತೋರಿಸಿದ.

ಏಮಸ್ ಕೈಯೆತ್ತಿದರು.

"ಹಿಂಗೆ ಎಲ್ಲಾ ಒಟ್ಟಿಗೆ ಕಿರುಚಬೇಡಿ," ಎಂದು ಅವರು ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಒಬ್ಬೊಬ್ಬರಾಗಿ ಹೇಳಿ. ಮೊದಲಿಂದ."