ದೊಡ್ಡ ಎಂಜಿನ್ನು

ಹಾಸಿಗೆ, ಒಲೆ ಎಲ್ಲ ಇದ್ದ ಪುಟ್ಟ ವ್ಯಾನು ಒಮ್ಮೆ ಗುಡ್ಡ ಹತ್ತಲಿಲ್ಲವೆಂದು ಗಂಡ ಅದನ್ನು ಗ್ಯಾರೇಜಿಗೆ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಅವನಿಗೆ ದೊಡ್ಡ ಎಂಜಿನ್ನು ಬೇಕಿತ್ತು, ನಾಲ್ಕೂ ಚಕ್ರ ಗಾಡಿಯನ್ನು ಎಳೆಯುವಂತಾಗಬೇಕಿತ್ತು. ಅವಳು ಕೇಳಿದಾಗಲೆಲ್ಲ ಗ್ಯಾರೇಜಿನ ಮೇಸ್ತ್ರಿಯದು ಒಂದೇ ಮಾತು: "ಬರೋ ವಾರ ಗ್ಯಾರಂಟಿ ಅಕ್ಕಾ."

ವ್ಯಾನಿನ ಕಿಟಕಿಗೆಂದು ಅವಳು ಹೊಲಿದಿಟ್ಟ ಪರದೆಗಳು ಪೆಟ್ಟಿಗೆಯಲ್ಲೇ ಮಾಸಿದವು. ಕೊನೆಗೊಂದು ದಿನ ರೇಗಿ, ಗಂಡನನ್ನೂ ಎಳೆದುಕೊಂಡು ಹೋದಳು. ಗಾಡಿ ಸಿದ್ಧವಾಗಿತ್ತು! ಆಸೆಯಿಂದ ಹಿಂಬಾಗಿಲು ತೆಗೆದಳು. ಒಲೆಯಿದ್ದ ಜಾಗದಲ್ಲಿ ಎಂಜಿನ್ನು ಕೂತಿತ್ತು, ಹಾಸಿಗೆಯಿದ್ದಲ್ಲಿ ಡೀಸೆಲ್ ಟ್ಯಾಂಕು.

"ಇದ್ರಲ್ಲಿ ಎಲ್ರೀ ಮಲಗೋದು?"

ಗಂಡ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಹೆಮ್ಮೆಯಿಂದ ಗಾಡಿಯ ಮೈ ತಟ್ಟಿದ.

"ಈಗಿರೋ ಪಿಕಪ್ಪು, ಸ್ಪೀಡಿಗೆ ಎಲ್ಲಿಗೆ ಹೋದ್ರೂ ಮಲಗೋ ಹೊತ್ತಿಗೆ ಮನೆಗೇ ಬಂದ್ಬಿಡ್ತೀರ ಅಕ್ಕಾ."